ಸಮಾಧಾನದ ಮಣಿ

“ಇಂದು ನಿಮ್ಮ ದನಿ ಕುಸಿದಿದೆ. ಒಂದು ಹನಿ ಹಾಕಲೇ?”

ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಡಬ್ಬಿ ಹೀಗೆ ಕೇಳಿದಾಗ ಸುಗಲಾ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಡಬ್ಬಿಯ ಕಡೆ ಕಣ್ಣು ಹೊರಳಿಸಿದ್ದೇ ತಡ, ತಲೆಯೊಳಗೆ ಝಲ್ಲೆಂದು ಝಟಕಾ ಹೊಡೆಯಿತು. ತೆರೆದ ವೈರು ಮುಟ್ಟಿದಂಥ ಝಟಕಾ. ನೀರಿನ ಅರಿವೆ ಕೈಜಾರಿ ಒಲೆಯ ಮೇಲೆ ಬಿತ್ತು, ರೊಟ್ಟಿ ಸೀದು ಹೊಗೆಯೆದ್ದಿತು.

“ಒಲ್ಲೆ!” ಎಂದು ಅವಳು ಕಿರುಚಿದಳು. “ನಾ ಒಲ್ಲೆ, ಎಷ್ಟ ಸಲ ಹೇಳ್ಬೇಕ ನಿನಗ?”

“ಒಳ್ಳೆಯದು. ನಿಮ್ಮ ದಿನ ಶುಭವಾಗಲಿ,” ಎಂದು ಡಬ್ಬಿ ನಯವಾಗಿ ಸುಮ್ಮನಾಯಿತು.

ಶುಭವಂತೆ ಶುಭ! ಆ ಡಬ್ಬಿಯನ್ನು ಕಿತ್ತು ಗಟಾರಕ್ಕೆ ಎಸೆಯಬೇಕು ಅನ್ನಿಸಿತು ಅವಳಿಗೆ. ಎಸೆದರೆ ಸಮಾಧಾನ ಕೇಂದ್ರದವರು ಬಂದು ದಂಡ ಹಾಕಿ, ಹೊಸದೊಂದನ್ನು ಅಂಟಿಸಿ, ಚಹಾ ಕುಡಿದು ಹೋಗುತ್ತಾರೆ.

ಪಡಸಾಲೆಯಲ್ಲಿ ಅತ್ತೆ ಶಿವಗಂಗವ್ವ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಳು. “ಸುಟ್ಟೆಲ್ಲ ರೊಟ್ಟಿ? ಸುಡು. ಅದರಾಗ ಭಾಳ ಶಾಣ್ಯಾಕಿ ಅದಿ,” ಎಂದು ಅಲ್ಲಿಂದಲೇ ಒದರಿದಳು.

“ಸುಟ್ಟದ್ದನ್ನ ನಿಮಗ ಹಾಕ್ತೇನಿ ತಗೋರಿ.”

ಅಂದಮೇಲೆ ಸುಗಲಾಗೇ ಗಾಬರಿಯಾಯಿತು. ಈ ಮನೆಯಲ್ಲಿ ಅವಳು ಎದುರು ಮಾತಾಡಿ ಹನ್ನೊಂದು ವರ್ಷಗಳಾಗಿದ್ದವು. ಮುದುಕಿ ಬೆಳ್ಳುಳ್ಳಿಯನ್ನು ಹಾಗೇ ಹಿಡಿದು ಅಡುಗೆಮನೆಯ ಕಡೆ ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಆಮೇಲೆ ಮತ್ತೆ ಸುಲಿಯತೊಡಗಿದಳು.

ಆ ಕಾಲಕ್ಕೆ ಹುಬ್ಬಳ್ಳಿ-ಧಾರವಾಡದಲ್ಲಿ ಐವರಲ್ಲಿ ಒಬ್ಬರ ತೋಳಿನೊಳಗೆ ಮಣಿ ಇತ್ತು. ತೊಗರಿಬೇಳೆಯಷ್ಟು ಗಾತ್ರದ್ದು, ಚರ್ಮದ ಕೆಳಗೆ ಕೂರಿಸಿದ್ದು, ಐದು ವರ್ಷಕ್ಕಾಗುವಷ್ಟು ಔಷಧ ತುಂಬಿದ್ದು. ಖಿನ್ನತೆಗೆ ಹಿಂದೆಲ್ಲ ಮಾತ್ರೆ ಇದ್ದವು. ಜನ ಮರೆಯುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಬೀಳುತ್ತಿದ್ದರು. ಮಣಿ ಮರೆಯುವುದಿಲ್ಲ. ಮುಂಜಾನೆ ಗೋಡೆಯ ಡಬ್ಬಿ ನಿಮ್ಮನ್ನು ಮಾತಾಡಿಸುತ್ತದೆ, ದನಿಯ ನಡುಕ ಎಷ್ಟು, ನಿಟ್ಟುಸಿರು ಎಷ್ಟು, ಮಾತಿನ ನಡುವೆ ತಡೆ ಎಷ್ಟು ಎಂದು ಅಳೆಯುತ್ತದೆ, ಅದಕ್ಕೆ ತಕ್ಕಂತೆ ಮಣಿಗೆ ಅಪ್ಪಣೆ ಕೊಡುತ್ತದೆ. ಸರಕಾರ ಇದಕ್ಕೆ ಸಮಾಧಾನ ಯೋಜನೆ ಎಂದು ಹೆಸರಿಟ್ಟಿತು. ಹಾಕುವುದು ಹೇಗೆ ಎಂದು ಕಲಿಯಲು ಎಷ್ಟೋ ಜನ ಪರದೇಶಕ್ಕೆ ಹೋಗಿಬಂದರು. ತೆಗೆಯುವುದು ಹೇಗೆ ಎಂದು ಕಲಿಯಲು ಒಬ್ಬನೂ ಹೋಗಲಿಲ್ಲ.

ಸುಗಲಾಗೆ ಮಣಿ ಬಂದದ್ದು ಕೂಸು ಹೋದಾಗ. ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸು ಒಂದು ದಿನವೂ ಉಳಿಯಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ಮಲಗಿದವಳು ನಾಲ್ಕು ತಿಂಗಳು ಏಳಲಿಲ್ಲ. ಮಣಿ ಅವಳನ್ನು ಎಬ್ಬಿಸಿತು, ಉಣ್ಣಿಸಿತು, ಕೆಲಸಕ್ಕೆ ಕಳಿಸಿತು. ಅದು ತನ್ನ ಜೀವ ಉಳಿಸಿತೆಂಬುದನ್ನು ಅವಳು ಯಾರ ಮುಂದೆಯೂ ಅಲ್ಲಗಳೆದಿಲ್ಲ. ಆದರೆ ಜೀವ ಉಳಿದ ಮೇಲೂ ಮಣಿ ಉಳಿಯಿತು. ಐದು ವರ್ಷಕ್ಕೊಮ್ಮೆ ಹೊಸದು ಬಂತು. “ನಡದೈತೆಲ್ಲ, ಇರಲಿ ಬಿಡ್ರಿ,” ಎಂದರು ಎಲ್ಲರೂ. ಅವಳೂ ಹಾಗೇ ಅಂದಳು.

ಇರಲಿ ಬಿಡ್ರಿ! ಅವಳಿನಗರದ ಬಸ್ ನಿಯಂತ್ರಣ ಕೊಠಡಿಯಲ್ಲಿ ಅವಳ ಕೈಕೆಳಗೆ ಕಲಿತ ಹುಡುಗರು ಒಬ್ಬೊಬ್ಬರಾಗಿ ಅವಳ ಮೇಲಿನ ಕುರ್ಚಿಗೆ ಏರಿದರು. ಪ್ರತಿ ಸಲವೂ ಹಾರ ತರುವವಳು ಸುಗಲಾ. ಮೂರನೆಯವನಾದ ಗುರುಶಾಂತನಿಗೆ ಹಾರ ಕೊಳ್ಳಲು ಹೋದಾಗ ಹೂವಿನವಳು, “ಯಾರಿಗ್ರೀ ಬಾಯಾರ, ಸೇವಂತಿಗಿ ಹಾಕ್ಲೇನು?” ಎಂದು ಕೇಳಿದಳು. ಸುಗಲಾ ವಿವರಿಸತೊಡಗಿದಳು. ನಾನೇ ಕಲಿಸಿದ ಹುಡುಗ, ನನಗಿಂತ ಎಂಟು ವರ್ಷ ಕಿರಿಯ, ಇವತ್ತಿನಿಂದ ನನ್ನ ಸಾಹೇಬ. ಹೇಳುತ್ತ ಹೇಳುತ್ತ ತನ್ನ ದನಿ ತನಗೇ ಕೇಳಿಸಿತು. ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗಿತ್ತು. ಸಿಟ್ಟು ಎಲ್ಲಿ ಹೋಯಿತು ಎಂದು ಒಳಗೆ ಹುಡುಕಿದಳು, ಸಿಗಲಿಲ್ಲ. ಮಾರನೆಯ ದಿನ ಸಮಾಧಾನ ಕೇಂದ್ರಕ್ಕೆ ಹೋಗಿ, ನನಗೆ ಇದು ಸಾಕು, ಇಳಿಸಿರಿ ಎಂದಳು.

ಇಳಿಕೆಯ ನಿಯಮ ಸರಳವಾಗಿತ್ತು. ಮಣಿ ದಿನದ ಹನಿಯನ್ನು ಕಡಿಮೆ ಮಾಡುತ್ತ ಹೋಗಿ ಒಂದು ದಿನ ನಿಲ್ಲಿಸುತ್ತದೆ. ಆಮೇಲೆ ದನಿ ಕುಸಿದ ದಿನ ಮಾತ್ರ ಡಬ್ಬಿ, ಹನಿ ಹಾಕಲೇ ಎಂದು ಕೇಳುತ್ತದೆ. ಬಾಯಿಬಿಟ್ಟು ಒಪ್ಪದೆ ಒಂದು ಹನಿಯನ್ನೂ ಹಾಕುವಂತಿಲ್ಲ. ದನಿ ತೀರ ಕೆಟ್ಟರೆ, ಅಥವಾ ಕೆಲಸದ ಕಡೆಯಿಂದ ದೂರು ಬಂದರೆ, ಒಂದು ಕೆಂಪು. ಮೂರು ಕೆಂಪು ಬಿದ್ದರೆ ರೋಗ ಮರಳಿತೆಂದು ತೀರ್ಮಾನ. ಸುಗಲಾಳಂತೆ ಜನರ ಜೀವದ ಹೊಣೆಯಿರುವ ಕೆಲಸದವರಿಗೆ ಆಗ ಐದು ವರ್ಷದ ಮಣಿಯನ್ನು ಮತ್ತೆ ಕೂರಿಸಿ ಮೊಹರು ಮಾಡುತ್ತಾರೆ, ಅವಧಿ ಮುಗಿಯುವವರೆಗೆ ಇಳಿಸುವಂತಿಲ್ಲ. ಬೇಡವೆಂದರೆ ಮನೆಯ ಹಿರಿಯರೊಬ್ಬರು ಪಾಲಕರಾಗಿ ಹೊಣೆ ಹೊತ್ತು ಸಹಿ ಮಾಡಬೇಕು. ಸುಗಲಾಳ ಪಾಲಕ ಅವಳ ಗಂಡ ಅಡಿವೆಪ್ಪ. ದುರ್ಗದಬೈಲಿನಲ್ಲಿ ಅವನದೊಂದು ಕನ್ನಡಕದ ಅಂಗಡಿ. ಊರಲ್ಲಿ ಅವನಷ್ಟು ತಣ್ಣಗಿನ ಮನುಷ್ಯ ಇನ್ನೊಬ್ಬನಿಲ್ಲ.

ಮೊದಲ ಕೆಂಪು ಹಿಂದಿನ ತಿಂಗಳೇ ಬಿದ್ದಿತ್ತು.

ರೊಟ್ಟಿ ಸೀದ ದಿನವೇ ಎರಡನೆಯದು ಬಿತ್ತು. ನಿಯಂತ್ರಣ ಕೊಠಡಿಯ ಗೋಡೆ ತುಂಬ ಪರದೆ, ಪರದೆ ತುಂಬ ದೀಪ, ಒಂದೊಂದು ದೀಪವೂ ಒಂದೊಂದು ಬಸ್ಸು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕಣ್ಣೋಡಿಸುವುದೇ ಸುಗಲಾಳ ಕೆಲಸ. ಕಣ್ಣೋಡಿಸಿದಾಗಲೆಲ್ಲ ಝಟಕಾ. ಅದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಿದ್ದಳು: ಕಣ್ಣನ್ನು ನೆಟ್ಟಗೆ ಇಟ್ಟು ಕುತ್ತಿಗೆಯನ್ನೇ ತಿರುಗಿಸುವುದು. ಬೆವರಿಗೆ ಒಂದು ಟವೆಲು, ಓಕರಿಕೆಗೆ ಬಾಯಲ್ಲೊಂದು ಲವಂಗ. ಏನೂ ಕಾರಣವಿಲ್ಲದೆ ಅಳು ಬಂದರೆ ಮೈಕಿನ ಗುಂಡಿ ಒತ್ತದಿರುವುದು. ಹೀಗೆ ಅವಳು ಒಂದು ಬಸ್ಸನ್ನೂ ತಡಮಾಡದೆ ದಿನ ನೂಕುತ್ತಿದ್ದಳು.

ಗುರುಶಾಂತ ಬಂದು ಹಿಂದೆ ನಿಂತ. “ಏನ್ ಮೇಡಮ್, ಗೂಗಿ ಹಂಗ ಕುತ್ತಿಗಿ ತಿರಗಸಾಕತ್ತೀರಿ?”

ಗೂಬೆಯ ಹೋಲಿಕೆಗೆ ಇಬ್ಬರು ಕಿಸಕ್ಕನೆ ನಕ್ಕರು. ಸುಗಲಾಳ ಮೈಯೆಲ್ಲ ಉರಿಯಿತು. “ಗೂಗಿ ನನ್ನ ಕುರ್ಚಿ ಮ್ಯಾಲೆ ಕುಂತೈತಿ,” ಎಂದಳು, ಕುತ್ತಿಗೆ ತಿರುಗಿಸಿ ಅವನನ್ನೇ ನೋಡುತ್ತ. “ನಿನಗ ಈ ಬೋರ್ಡ್ ನೋಡಾಕ ಕಲಿಸಿದಾಕಿ ನಾನು. ನಿನಗ ಹಾರಾ ತಂದಾಕೀನೂ ನಾನ. ಇನ್ನ ಮ್ಯಾಲೆ ನನ್ನ ಹಿಂದ ಬಂದು ನಿಂದ್ರಬ್ಯಾಡ.”

ಮಧ್ಯಾಹ್ನದ ಹೊತ್ತಿಗೆ ಗುರುಶಾಂತನ ದೂರು ಕೇಂದ್ರ ತಲುಪಿತ್ತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಆದರೆ ಸುಳ್ಳೋ ನಿಜವೋ ಎಂದು ದೂರಿನಲ್ಲಿ ಬರೆಯಲು ಜಾಗವಿರಲಿಲ್ಲ. ದನಿಯ ಏರಿಳಿತ ಬರೆಯಲು ಮಾತ್ರ ಇತ್ತು.

ಸಂಜೆಯಾಗುತ್ತಲೇ ಒಂದು ವಿಚಿತ್ರ ನಡೆಯಿತು. ಝಟಕಾ ಇಳಿದವು, ಬೆವರು ಆರಿತು. ಮರುದಿನ ಅವಳು ಹಗುರಾಗಿ ಎದ್ದಳು. ಡಬ್ಬಿ ಏನನ್ನೂ ಕೇಳಲಿಲ್ಲ. ಸಂಜೆ ಸುಗಲಾ ಗಂಡನ ಜೊತೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದಳು. ಅಂಗಡಿಗೆ ಬಂದ ಅಜ್ಜನೊಬ್ಬ ತನ್ನ ಕನ್ನಡಕ ಬಿಟ್ಟು ಬೇರೆಯವರದನ್ನು ಹಾಕಿಕೊಂಡು ಹೋಗಿ, ಇದರಲ್ಲಿ ನನ್ನ ಹೆಂಡತಿ ಚೆಂದ ಕಾಣುತ್ತಾಳೆ, ವಾಪಸು ಕೊಡುವುದಿಲ್ಲ ಎಂದು ಹಟ ಹಿಡಿದ ಕಥೆಯನ್ನು ಅಡಿವೆಪ್ಪ ಹೇಳಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನೋಡ್ರಿ, ಹನಿ ಇಲ್ಲದ ನಗಾಕತ್ತೇನಿ,” ಎಂದಳು ಸುಗಲಾ. “ನಾ ಗೆದ್ದೆ ಅನಸ್ತೈತಿ.”

ಅಡಿವೆಪ್ಪ ಚಹಾದ ಬಟ್ಟಲಿನೊಳಗೆ ನೋಡುತ್ತ, “ಹೂಂ,” ಎಂದ.

ನಾಲ್ಕನೆಯ ದಿನಕ್ಕೆ ಮತ್ತೆ ಬಿದ್ದಳು. ಈ ಸಲ ಹಿಂದಿನದಕ್ಕಿಂತ ಆಳಕ್ಕೆ. ಪ್ರತಿ ಸಲವೂ ಹೀಗೇ ಆಗುತ್ತಿತ್ತು. ಗೆದ್ದೆ ಅನ್ನುವಷ್ಟರಲ್ಲಿ ಯಾರೋ ಜುಟ್ಟು ಹಿಡಿದು ಕೆಳಗೆ ಎಳೆದಂತೆ. ಹಾಸಿಗೆ ಬಿಟ್ಟು ಎದ್ದರೆ ನೆಲ ವಾಲುತ್ತಿತ್ತು. ಕನಸಿನಲ್ಲಿ ಕೂಸು ಬಸ್ಸುಗಳ ನಡುವೆ ಅಂಬೆಗಾಲಿಡುತ್ತಿತ್ತು. ಡಬ್ಬಿ ಕೇಳಿದಾಗ ಅವಳಿಗೆ ಅಳು ಬಿಟ್ಟು ಬೇರೇನೂ ಬರಲಿಲ್ಲ. ಅಳುವಿನ ನಡುವೆಯೇ, “ಒಲ್ಲೆ ಅಂದ್ರ ಒಲ್ಲೆ,” ಎಂದಳು.

“ಒಳ್ಳೆಯದು,” ಎಂದಿತು ಡಬ್ಬಿ. ಅದೇ ಉಸಿರಿನಲ್ಲಿ ಮೂರನೆಯ ಕೆಂಪು ಬಿದ್ದಿದೆಯೆಂದೂ, ತೀರ್ಮಾನವಾಗುವವರೆಗೆ ಮಣಿ ಹನಿ ಹಾಕುವುದಿಲ್ಲವೆಂದೂ, ಪಾಲಕರ ಜೊತೆ ಕೇಂದ್ರಕ್ಕೆ ಬರಬೇಕೆಂದೂ ತಿಳಿಸಿತು.

ಅಡಿವೆಪ್ಪ ಬಾಗಿಲಲ್ಲಿ ನಿಂತಿದ್ದ. “ಮದಲ ಇದ್ದಾಂಗ ಇದ್ರ ಚಲೋ ಇತ್ತಲ್ಲ, ಸುಗಲಾ. ಯಾಕ ಬೇಕಿತ್ತು ಇದೆಲ್ಲಾ?”

“ಯಾರಿಗೆ ಚಲೋ ಇತ್ತು?”

ಅವನು ಅಂಗಿ ಹಾಕಿಕೊಳ್ಳಲು ಒಳಗೆ ಹೋದ.

ಸಮಾಧಾನ ಕೇಂದ್ರದ ನಡುಮನೆಯನ್ನು ಅಲ್ಲಿಯವರು ಶ್ರವಣಾಲಯ ಎನ್ನುತ್ತಿದ್ದರು. ಕತ್ತಲೆಯ ದೊಡ್ಡ ಹಾಲು. ಊರಿನ ಮಣಿಯವರ ದನಿಗಳೆಲ್ಲ ಅಲ್ಲಿ ಹಸಿರು ಗೆರೆಗಳಾಗಿ ಪರದೆಯ ಮೇಲೆ ಹರಿಯುತ್ತಿದ್ದವು. ಅಲ್ಲಿ ಕೂತವರು ಮಾತು ಕೇಳುವುದಿಲ್ಲ, ಗೆರೆ ನೋಡುತ್ತಾರೆ. ಹಾಲು ದಾಟಿದರೆ ಡಾಕ್ಟರ್ ಚಿತ್ಕಲಾ ಅವರ ಕೋಣೆ. ಮೈಸೂರಿನವರು, ವರ್ಗವಾಗಿ ಬಂದು ಆರು ತಿಂಗಳಾಗಿತ್ತು.

“ಬನ್ನಿ, ಕೂತ್ಕೊಳ್ಳಿ. ತುಂಬ ಸುಸ್ತಾಗಿದೀರ. ಕಾಫಿ ತರಿಸ್ಲಾ?”

“ಒಲ್ಲೆ,” ಎಂದಳು ಸುಗಲಾ.

ಡಾಕ್ಟರು ಗಂಟೆ ಒತ್ತಿ ಕಾಫಿಗೆ ಹೇಳಿದರು. ಆಮೇಲೆ ಮೇಜಿನ ಪರದೆಯನ್ನು ಅವಳತ್ತ ತಿರುಗಿಸಿದರು. “ನೋಡಿ, ನಾನು ಹೇಳೋದಕ್ಕಿಂತ ನಿಮ್ಮ ಗೆರೆಯೇ ಹೇಳತ್ತೆ. ಹನಿ ಒಳಗೆ ಹೋದ ಮೇಲೆ ಎರಡು ಮೂರು ದಿನ ಚೆನ್ನಾಗಿರ್ತೀರ. ಅದು ಮುಗಿದ ಕೂಡಲೇ ಕುಸೀತೀರ. ಔಷಧಿ ಇಲ್ದೆ ನಿಮಗೆ ಆಗಲ್ಲ. ರೋಗ ವಾಪಸ್ ಬಂದಿದೆ. ಮೊಹರು ಮಾಡಿಸ್ಕೊಂಡ್ಬಿಡಿ, ಐದು ವರ್ಷ ಯೋಚನೆಯಿಲ್ಲ.”

“ಯಾವ ಹನಿ?” ಎಂದಳು ಸುಗಲಾ. “ಚಲೋ ಇದ್ದಾಗ ನಾ ಹನಿ ಇಲ್ಲದ ಇದ್ದೇನಿ. ನೀವು ಉಲ್ಟಾ ಹೇಳಾಕತ್ತೀರಿ.”

“ಇಲ್ಲಮ್ಮ, ಹನಿ ಹೋಗಿದೆ. ಪ್ರತಿ ಸಲ ನೀವೇ ಒಪ್ಕೊಂಡಿದೀರ. ನೀವು ಒಪ್ಪದೆ ನಾವು ಹಾಕೋ ಹಾಗೇ ಇಲ್ಲ.”

“ಒಪಗೊಂಡಿಲ್ಲ! ಒಮ್ಮೇನೂ ಹೂಂ ಅಂದಿಲ್ಲ ನಾ!”

ಡಾಕ್ಟರು ಅಡಿವೆಪ್ಪನ ಕಡೆ ಮರುಕದಿಂದ ನೋಡಿದರು. ಇಂಥ ಮರೆವೂ ರೋಗದ ಲಕ್ಷಣವೇ ಎನ್ನುವಂಥ ನೋಟ. ಅಷ್ಟರಲ್ಲಿ ಕಾಫಿ ಬಂತು. ಒಂದು ಲೋಟ ಸುಗಲಾಳ ಮುಂದೆ ಕುಳಿತಿತು. ಅವಳ ಸಹನೆ ಅಲ್ಲಿಗೆ ತೀರಿತು.

“ನಾ ಒಲ್ಲೆ ಅಂದ್ನೆಲ್ರೀ! ಇದನ್ನ ಯಾಕ ತರಿಸಿದ್ರಿ?”

“ಅದಕ್ಕೇ ತರಿಸಿದ್ದು,” ಎಂದರು ಡಾಕ್ಟರು, ಅರ್ಥವಾಗದೆ. “ಒಳ್ಳೇದು ಅಂದ್ರಲ್ಲ.”

ಸುಗಲಾ ಲೋಟವನ್ನು ನೋಡಿದಳು. ಡಾಕ್ಟರನ್ನು ನೋಡಿದಳು.

“ಒಳ್ಳೇದು ಅಲ್ರೀ,” ಎಂದಳು ನಿಧಾನವಾಗಿ. “ಒಲ್ಲೆ. ಬ್ಯಾಡ ಅಂತ. ಬ್ಯಾಡಕ್ಕಿಂತ ಹೆಚ್ಚಿಂದು. ಕುತ್ತಿಗಿ ಹಿಚಕಿದ್ರೂ ಬ್ಯಾಡ ಅನ್ನೂದಕ್ಕ ನಾವು ಒಲ್ಲೆ ಅಂತೇವಿ.”

ಮೇಜಿನ ಮೇಲೆ ಯಾರ ಮಣಿಗೂ ಜೋಡಿಸದ ಪರೀಕ್ಷೆಯ ಡಬ್ಬಿಯೊಂದಿತ್ತು. ಡಾಕ್ಟರು ಅದನ್ನು ಮುಂದೆ ಸರಿಸಿದರು. ಡಬ್ಬಿ, ಒಂದು ಹನಿ ಹಾಕಲೇ ಎಂದು ಕೇಳಿತು. ಸುಗಲಾ ಬ್ಯಾಡ ಎಂದಳು. “ಸರಿ,” ಎಂದಿತು ಡಬ್ಬಿ. ಪರದೆಯಲ್ಲಿ ಹನಿ ಇಲ್ಲ. ಎರಡನೆಯ ಸಲ ಅವಳು ಒಲ್ಲೆ ಎಂದಳು. “ಒಳ್ಳೆಯದು,” ಎಂದಿತು ಡಬ್ಬಿ. ಪರದೆಯಲ್ಲಿ ಒಂದು ಹನಿ.

ಡಬ್ಬಿಗೆ ಕನ್ನಡ ಕಲಿಸಿದವರಿಗೆ ಬೇಡ ಗೊತ್ತಿತ್ತು, ಬ್ಯಾಡವೂ ಗೊತ್ತಿತ್ತು. ಈ ಸೀಮೆಯ ಕೂಸುಗಳು ಅವ್ವ ಅನ್ನುವುದಕ್ಕೂ ಮೊದಲು ಕಲಿಯುವ ಮಾತು ಗೊತ್ತಿರಲಿಲ್ಲ. ಸುಗಲಾ ತಣ್ಣಗಿದ್ದ ದಿನ ಬ್ಯಾಡ ಎನ್ನುತ್ತಿದ್ದಳು, ಹನಿ ಬೀಳುತ್ತಿರಲಿಲ್ಲ. ತಾಳಲಾರದ ದಿನ ಒಲ್ಲೆ ಎಂದು ಚೀರುತ್ತಿದ್ದಳು, ಆಗ ಪೂರ್ತಿ ಹನಿ ಬೀಳುತ್ತಿತ್ತು. ಬಿಟ್ಟ ಮೈಗೆ ಮತ್ತೆ ಔಷಧ, ಔಷಧ ಬಿದ್ದ ಮೈಗೆ ಮತ್ತೆ ಬಿಡುಗಡೆ. ಸಾವಕಾಶವಾಗಿ ಮೆಟ್ಟಿಲಿಳಿಯಬೇಕಾದವಳನ್ನು ತಿಂಗಳುಗಟ್ಟಲೆ ಮೇಲಿಂದ ಕೆಳಕ್ಕೆ ನೂಕಿ, ಎತ್ತಿ ತಂದು, ಮತ್ತೆ ನೂಕಿದ್ದರು.

“ಹಂಗಾರ ಆ ಚಲೋ ದಿನಾ?” ಎಂದಳು ಸುಗಲಾ. “ನಾ ನಕ್ಕಿದ್ದು?”

ಡಾಕ್ಟರು ತಲೆ ತಗ್ಗಿಸಿದರು. “ಅದು ಹನಿಯದು. ಕ್ಷಮಿಸಿ. ಆದ್ರೆ… ನಿಮಗೆ ಗೊತ್ತಾಗಬೇಕಿತ್ತಲ್ಲ. ಪ್ರತಿ ಹನಿಗೂ ಪಾಲಕರ ಫೋನಿಗೆ ಸಂದೇಶ ಹೋಗತ್ತೆ, ಹನಿ ಸಂದಿದೆ ಅಂತ.”

ಸುಗಲಾ ಪೂರ್ತಿ ಕುತ್ತಿಗೆ ತಿರುಗಿಸಿ ಗಂಡನನ್ನು ನೋಡಿದಳು. ಅಡಿವೆಪ್ಪ ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸುತ್ತಿದ್ದ.

“ನಿಮಗ ಗೊತ್ತಿತ್ತು.”

“ಮದಲ ನನಗೂ ತಿಳೀಲಿಲ್ಲ,” ಎಂದ ಅವನು. “ನೀನ ಒಪಗೊಂಡಿ ಅಂದ್ಕೊಂಡೆ.”

“ನಾ ಒಲ್ಲೆ ಅಂತ ಒದರಿದ್ದು ಓಣಿಗೆಲ್ಲಾ ಕೇಳ್ತಿತ್ತು. ನಿಮಗ ಕೇ‍ಳಸ್ಲಿಲ್ಲೇನು? ನಿಮಗ ಕನ್ನಡಾ ಬರೂದಿಲ್ಲೇನು?”

ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ. “ಆ ದಿನ ನೀ ನನ್ನ ಕೂಡ ನಕ್ಕೊಂತ ಚಹಾ ಕುಡೀತಿದ್ದಿ. ನನಗ ಅಷ್ಟ ಬೇಕಾಗಿತ್ತು, ಸುಗಲಾ.”

ಅವಳಿಗೆ ಅವನ ಮುಖಕ್ಕೆ ಕಾಫಿ ಎರಚಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಕಟ್ಟೆಯ ಮೇಲಿನ ಸಂಜೆಗಾಗಿ ನೆಲಕ್ಕೆ ಬಿದ್ದು ಅಳಬೇಕು ಅನ್ನಿಸಿತು. ಎರಡನ್ನೂ ಮಾಡದೆ ಕುರ್ಚಿಯ ಅಂಚು ಹಿಡಿದು ಕುಳಿತಳು.

ಡಾಕ್ಟರು ಮುಖ್ಯ ಶ್ರವಣಾಧಿಕಾರಿಯನ್ನು ಕರೆಸಿದರು. ಇಸ್ತ್ರಿ ಮಾಡಿದ ಮನುಷ್ಯ, ಮಾತಿಗೂ ಇಸ್ತ್ರಿಯಾಗಿತ್ತು. ಎಲ್ಲವನ್ನೂ ಕೇಳಿ, ಎರಡು ಸಲ ತಲೆಯಾಡಿಸಿದರು.

“ಮುಂದಿನ ತಿದ್ದುಪಡಿಯಲ್ಲಿ ಆ ಶಬ್ದ ಸೇರಿಸ್ತೀವಿ. ಇನ್ನೊಂದು ಐದಾರು ತಿಂಗಳು. ಅಲ್ಲಿಯವರೆಗೆ ಇದು ಹೊರಗೆ ಹೋಗಬಾರದು, ತಾಯಿ. ಜನ ಗಾಬರಿಯಾಗಿ ಮಣಿ ಕಿತ್ತು ಹಾಕ್ತಾರೆ. ನೀವು ಸುಮ್ಮನಿದ್ದರೆ ನಿಮ್ಮ ಮೂರು ಕೆಂಪನ್ನೂ ನಾನು ಅಳಿಸ್ತೀನಿ. ಹೊಸದಾಗಿ, ಸರಿಯಾಗಿ, ನಿಧಾನವಾಗಿ ಇಳಿಸಿಕೊಡ್ತೀವಿ. ಮಾತಾಡಿದರೆ ನಿಯಮ ನಿಯಮವೇ. ನಾಳೆ ಸಂಜೆಯೊಳಗೆ ಪಾಲಕರ ಸಹಿ ಇಲ್ಲದಿದ್ದರೆ ಮೊಹರು.”

“ಈ ಊರಾಗ ಎಷ್ಟ ಮಂದಿ ಒಲ್ಲೆ ಅಂದಾರ?”

“ಅದು ನಿಮಗೆ ಸಂಬಂಧಪಟ್ಟದ್ದಲ್ಲ.”

ಆ ರಾತ್ರಿ ಅವಳು ನಿದ್ದೆ ಮಾಡಿದಳೋ ಇಲ್ಲವೋ ಅವಳಿಗೇ ತಿಳಿಯದು. ಸುಮ್ಮನಿದ್ದರೆ ಬಿಡುಗಡೆ. ಸುಮ್ಮನಿರುವುದು ಅವಳಿಗೆ ಹೊಸದೇನಲ್ಲ, ಹನ್ನೊಂದು ವರ್ಷದ ಅಭ್ಯಾಸ. ಮುಂಜಾನೆ ನಿಯಂತ್ರಣ ಕೊಠಡಿಗೆ ಹೋಗಿ ಕುಳಿತಳು. ಪರದೆಯ ಮೇಲೆ ನೂರಾರು ದೀಪಗಳು ಹರಿದಾಡುತ್ತಿದ್ದವು. ಬಸ್ಸಿಗೆ ನಲವತ್ತು ಜನ, ನಲವತ್ತರಲ್ಲಿ ಎಂಟು ಮಣಿ. ಗುರುಶಾಂತ ತನ್ನ ಕುರ್ಚಿಯಲ್ಲಿ ಫೋನ್ ನೋಡುತ್ತಿದ್ದ. ಸುಗಲಾ ನಿಲ್ದಾಣದ ಹೆಸರು ಹೇಳುವ ಮೈಕು ಎಳೆದುಕೊಂಡು, ಎಲ್ಲ ಬಸ್ಸಿಗೂ ಹೋಗುವ ಗುಂಡಿ ಒತ್ತಿದಳು.

“ತೋಳಾಗ ಮಣಿ ಇದ್ದವರು ಕಿವಿಗೊಟ್ಟು ಕೇಳ್ರಿ. ಡಬ್ಬಿ ನಿಮಗ ಹನಿ ಹಾಕ್ಲೇನು ಅಂತ ಕೇಳಿದ್ರ ಒಲ್ಲೆ ಅನಬ್ಯಾಡ್ರಿ. ಅದಕ್ಕ ಒಳ್ಳೆ ಅಂತ ಕೇಳಸ್ತೈತಿ, ಹನಿ ಹಾಕಿಬಿಡ್ತೈತಿ. ಬ್ಯಾಡ ಅನ್ರಿ. ಮಣಿ ಕಿತ್ತಗೋಬ್ಯಾಡ್ರಿ, ಒಮ್ಮಿಗೇ ಬಿಡಬ್ಯಾಡ್ರಿ, ಜೀವಾ ಹೋಗೂವಷ್ಟು ತ್ರಾಸ ಆಗ್ತೈತಿ. ಡಾಕ್ಟರ್ ಕಡೆ ಹೋಗಿ ಸಾವಕಾಶ ಇಳಸ್ಕೊಳ್ರಿ. ನಿಮಗ ಹುಚ್ಚ ಹಿಡದಿಲ್ಲ. ಹಿಂಗ ಹೇಳಾಕತ್ತಾಕಿ ಸುಗಲಾ ಹಂಚಿನಮನಿ. ಮುಂದಿನ ನಿಲ್ದಾಣ ಉಣಕಲ್ಲ.”

ಆಮೇಲೆ ಯಾವುದೋ ಚಾಲಕನ ತೆರೆದ ಮೈಕಿನಿಂದ ಹೆಂಗಸೊಬ್ಬಳ ದನಿ ತೂರಿಬಂತು: “ಅಯ್ಯ ನನ್ನ ಶಿವನ! ನಾ ದೀಪಾವಳಿಯಿಂದ ಒಲ್ಲೆ ಒಲ್ಲೆ ಅನ್ನಾಕತ್ತೇನೆಲ್ಲೋ!” ಹಿಂದೆಯೇ ಗದ್ದಲ. ಗುರುಶಾಂತ ಓಡಿಬಂದು ತಂತಿ ಕಿತ್ತ. ಅರ್ಧ ತಾಸಿನೊಳಗೆ ಸುಗಲಾಳ ಕೈಗೆ ಅಮಾನತಿನ ಕಾಗದ ಬಂತು, ಫೋನಿಗೆ ಶ್ರವಣಾಧಿಕಾರಿಯ ಸಂದೇಶ ಬಂತು. ಸಂಜೆ ಆರಕ್ಕೆ ಮೊಹರಿನ ಗಾಡಿ ಮನೆಗೆ ಬರುತ್ತದೆ.

ಮನೆಯಲ್ಲಿ ಅಡಿವೆಪ್ಪ ಫೋನನ್ನು ಜಮಖಾನೆಯ ಮೇಲಿಟ್ಟು ದೂರ ಕುಳಿತಿದ್ದ. ಪಾಲಕರ ಸಹಿಯ ಜಾಗ ತೆರೆದಿತ್ತು, ಖಾಲಿ ಇತ್ತು.

“ಸಹಿ ಮಾಡ್ರಿ,” ಎಂದಳು ಸುಗಲಾ.

“ಹೆಂಗ ಮಾಡ್ಲಿ? ನೌಕರಿ ಹೋತು. ನಾಳೆ ನೀ ಎಲ್ಯರೆ ಬಿದ್ದು ಸತ್ರ ನನ್ನ ತಲೀಗೆ ಬರ್ತೈತಿ. ಮೊಹರ್ ಮಾಡಸ್ಕೊಂಡ ಬಿಡು. ಐದು ವರ್ಷ ಆರಾಮ ಇರೂಣು.”

“ನೀ ಆರಾಮ ಇರತಿ,” ಎಂದಳು ಸುಗಲಾ. ಮದುವೆಯಾದಾಗಿನಿಂದ ಅವನನ್ನು ಅವಳು ನೀ ಎಂದದ್ದು ಅದೇ ಮೊದಲು. “ನಾ ಇರಾಂಗಿಲ್ಲ. ನಾ ಇಲ್ಲ ಅದರಾಗ. ನಾ ಅನ್ನಾಕೀನ ಇಲ್ಲ.”

ಅಡಿವೆಪ್ಪ ತಾಯಿಯ ಕಡೆ ತಿರುಗಿದ. ಶಿವಗಂಗವ್ವ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳುತ್ತಿದ್ದಳು. “ಯವ್ವಾ, ನೀನರೆ ಹೇಳ ಆಕಿಗೆ.”

“ತಾ ಇಲ್ಲಿ ಫೋನು,” ಎಂದಳು ಮುದುಕಿ. “ಹಿರೇರು ಯಾರಾದ್ರೂ ನಡೀತೈತಿ ಅಂತ ಐತೆಲ್ಲ? ನಾ ಹಿರೇಕಿ ಅಲ್ಲೇನು?”

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನನ್ನು ಎಳೆದುಕೊಂಡು, ಬೆಳ್ಳುಳ್ಳಿಯ ಬೆರಳಿನಿಂದ ಶಿ-ವ-ಗಂ-ಗ-ವ್ವ ಎಂದು ಒಂದೊಂದೇ ಅಕ್ಷರ ತಿದ್ದಿದಳು.

“ಯವ್ವಾ! ನೀ ಆಕೀನ ಕಂಡ್ರ ಉರದ ಬೀಳತಿದ್ದೆಲ್ಲ!”

“ಈಗೂ ಉರದ ಬೀಳತೇನಿ. ಹನ್ನೊಂದ ವರ್ಷ ಈಕಿ ಕೂಡ ಜಗಳಾ ಆಡೇನಿ, ಒಂದರೆ ತಿರುಗಿ ಮಾತಿಲ್ಲ. ಗ್ವಾಡಿ ಕೂಡ ಎಷ್ಟಂತ ಜಗಳಾಡ್ಲೋ ನಾ? ನಿನಗ ನಗಾವರು ಬೇಕು. ನನಗ ಎದುರಿಗೆ ನಿಂತು ಮಾತಾಡಾವರು ಬೇಕು.” ಫೋನನ್ನು ಮಗನ ಮಡಿಲಿಗೆ ಎಸೆದಳು. ಆಮೇಲೆ ಸೊಸೆಯ ಕಡೆ ತಿರುಗಿ, “ಸಹಿ ಮಾಡ್ಯಾಳಂತ ತಲೀ ಮ್ಯಾಲೆ ಏರಿ ಕುಂದರಬ್ಯಾಡ. ನಿನ್ನ ಮ್ಯಾಲಿನ ಪ್ರೀತಿಗೆ ಮಾಡಿಲ್ಲ.”

“ಗೊತ್ತೈತಿ,” ಎಂದಳು ಸುಗಲಾ. “ಪ್ರೀತಿ ಎಲ್ಲಿತ್ತು ನಿಮಗ? ಕೂಸು ಹೋದ ದಿನ ದವಾಖಾನಿ ಬಾಗಲದಾಗ ನಿಂತು ನೀವೊಂದು ಮಾತ ಅಂದ್ರಿ. ನೆನಪೈತೇನು?”

ಶಿವಗಂಗವ್ವನ ಮುಖ ಗಟ್ಟಿಯಾಯಿತು. “ಐತಿ. ಈಕಿ ಹೊಟ್ಟೀನ ಸ್ಮಶಾನ ಅಂದಿದ್ದೆ.”

ಅಡಿವೆಪ್ಪ ಎದ್ದುನಿಂತ. ಯಾರೂ ಅವನ ಕಡೆ ನೋಡಲಿಲ್ಲ.

“ಅವತ್ತ ನಾ ಉತ್ತರಾ ಕೊಡಲಿಲ್ಲ,” ಎಂದಳು ಸುಗಲಾ. “ಆಮ್ಯಾಲೆ ಮಣಿ ಹಾಕಿದ್ರು. ಆಮ್ಯಾಲೆ ಕೊಡಾಕ ಆಗಲೇ ಇಲ್ಲ.”

“ಈಗ ಕೊಡು.”

ಸುಗಲಾ ಬಾಯಿ ತೆರೆದಳು. ಕಣ್ಣು ಅತ್ತೆಯ ಮುಖದ ಕಡೆ ಹೊರಳಿತು, ತಲೆಯೊಳಗೆ ಝಟಕಾ ಸಿಡಿಯಿತು. ಒಂದರ ಮೇಲೊಂದು, ನಾಲ್ಕೈದು. ಮೊಣಕಾಲು ಮಡಿಚಿ ಕಂಬದ ಬುಡದಲ್ಲಿ ಕುಸಿದು ಕುಳಿತಳು. ಕಿವಿಯಲ್ಲಿ ಗುಂಯ್ ಎಂದಿತು, ಬೆವರು ಕುತ್ತಿಗೆಗೆ ಇಳಿಯಿತು. ಅಡಿವೆಪ್ಪ ಅವಳತ್ತ ಧಾವಿಸಿದ. ಮುದುಕಿ ಕೈ ಅಡ್ಡ ಹಿಡಿದು ಅವನನ್ನು ತಡೆದಳು. ಒಂದು ತಂಬಿಗೆ ನೀರು ತಂದು ಸೊಸೆಯ ಪಕ್ಕ ಇಟ್ಟು, ಎದುರಿಗೆ ನೆಲದ ಮೇಲೆ ಕಾಲು ಚಾಚಿ ಕುಳಿತಳು. ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಕಾಯುತ್ತ ಕುಳಿತಳು.

ಓಣಿಯಲ್ಲಿ ಮೊಹರಿನ ಗಾಡಿ ಬಂದು ನಿಂತಿತು, ಒಳಗಿದ್ದವರು ತಮ್ಮ ಪರದೆಯಲ್ಲಿ ಸಹಿ ನೋಡಿ, ಹಾರ್ನ್ ಹೊಡೆದು ಹೋದರು. ಸುಗಲಾಳ ಉಸಿರು ನಿಧಾನವಾಗಿ ಹದಕ್ಕೆ ಬಂತು.

“ಆತೇನು?” ಎಂದಳು ಶಿವಗಂಗವ್ವ.

“ಆತು.”

“ಹಂಗಾರ ಹೇಳು. ನಾ ಎಲ್ಲೂ ಹೋಗಾಂಗಿಲ್ಲ.”

ಸುಗಲಾ ನೀರು ಕುಡಿದು, ತಂಬಿಗೆ ಕೆಳಗಿಟ್ಟು, ಹೇಳತೊಡಗಿದಳು.